ಪಾಟಲಿ ಒತ್ತೆಯಿಟ್ಟು ಬರುವ ಲೇತು

ಮಿಕ್ಸರ್ ಕೊಳ್ಳುವಾಗ ಗಂಡಸರು ನಮ್ಮನ್ನು ಅಂಗಡಿಗೆ ಕರೆದೊಯ್ಯುತ್ತಾರೆ. ಮೂರು ಜಾರಿನದು ಬೇಕೋ ನಾಲ್ಕು ಜಾರಿನದೋ ಎಂದು ಅರ್ಧ ತಾಸು ನಿಂತು ಕೇಳುತ್ತಾರೆ. ಅದೇ ನೂರಾರು ಕಿಲೋ ತೂಗುವ ಲೇತ್ ಮಷೀನು ಮನೆಗೆ ಬರುವಾಗ ನಮ್ಮಿಂದ ಬೇಕಾಗುವುದು ಪಾಟಲಿ ಮಾತ್ರ, ಅಭಿಪ್ರಾಯವಲ್ಲ. ಕಬ್ಬಿಣದ ವಿಷಯ ನಿಮಗೇನು ತಿಳಿಯುತ್ತದೆ ಎನ್ನುತ್ತಾರೆ. ಬಂಗಾರದ ವಿಷಯ ಅವರಿಗೆ ಚೆನ್ನಾಗಿ ತಿಳಿದಿರುತ್ತದೆ, ಎಷ್ಟು ತೊಲಿ, ಯಾವ ಬ್ಯಾಂಕು, ಏನು ಬಡ್ಡಿ ಎಂಬುದರ ಸಮೇತ.

ಹುನಗುಂದದಲ್ಲಿರುವ ನನ್ನ ತಂಗಿಯ ಮಗ ಟರ್ನರ್ ಟ್ರೇಡಿನಲ್ಲಿ ಐ.ಟಿ.ಐ. ಮುಗಿಸಿದವ, ಕೈ ಚೊಕ್ಕ. ಪಡಸಾಲೆಯಲ್ಲೇ ಲೇತು ಹಾಕಿ ಬಂದೂಕು ರಿಪೇರಿ ಶುರುಮಾಡುತ್ತೇನೆಂದು ಈ ವರ್ಷ ಹಟ ಹಿಡಿದಿದ್ದಾನೆ. ಅವನ ಲೆಕ್ಕ ಹೀಗೆ: ಬಾದಾಮಿಯ ಗುಡ್ಡದ ಅಂಚಿನ ಹೊಲಗಳಿಗೆ ಹಂದಿ ಬೀಳುತ್ತವೆ, ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಹಳೆಯ ಮದ್ದು ತುಂಬುವ ಬಂದೂಕುಗಳು ಅಲ್ಲಲ್ಲಿ ಇವೆ, ಕೆಟ್ಟರೆ ನೋಡುವವರಿಲ್ಲ. ಹತ್ತು ಬುಶ್ ತಿರುವಿದರೆ ಸಿಗುವುದು ಒಂದು ಬಂದೂಕಿಗೆ ಸಿಗುತ್ತದೆ. ಅದಕ್ಕಾಗಿ ಯಾವ ಲೇತು ಒಳ್ಳೆಯದು ಎಂದು ಊರ ತುಂಬ ವಿಚಾರಿಸುತ್ತಿದ್ದಾನೆ. ಕೇಳಿದವರೆಲ್ಲ ಇಷ್ಟು ಅಡಿಯದು ತಗೋ, ಅಷ್ಟು ಎಚ್‌.ಪಿ.ದು ತಗೋ ಎಂದು ಹೇಳಿದರೇ ಹೊರತು, ಆ ಕೆಲಸಕ್ಕೆ ನಿನಗೆ ಪರವಾನಗಿ ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ಅದನ್ನು ನಾನು ಕೇಳುತ್ತೇನೆ. 1959ರ ಆಯುಧ ಕಾಯ್ದೆಯ 5ನೇ ಕಲಮು ಬಂದೂಕು ತಯಾರಿಸಬೇಡ ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ. ಮಾರುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು, ಎಲ್ಲಕ್ಕೂ ಲೈಸೆನ್ಸು ಬೇಕೆಂದು ಒಂದೊಂದನ್ನೇ ಹೆಸರಿಸಿದೆ. ಬಂದೂಕಿನ ಮಾಲೀಕನ ಬಳಿ ಲೈಸೆನ್ಸ್ ಇದ್ದರೆ ಅದು ಇಟ್ಟುಕೊಳ್ಳಲು ಅವನಿಗೆ ಕೊಟ್ಟದ್ದು, ಬಿಚ್ಚಿ ಜೋಡಿಸಲು ನಮ್ಮ ಹುಡುಗನಿಗೆ ಕೊಟ್ಟದ್ದಲ್ಲ. ಇದನ್ನು ಮೀರಿದವರಿಗೆ ಮೊದಲು ಮೂರರಿಂದ ಏಳು ವರ್ಷ ಸಜೆ ಇತ್ತು. 2019ರ ತಿದ್ದುಪಡಿಯ ನಂತರ ಕನಿಷ್ಠವೇ ಏಳು ವರ್ಷ, ಗರಿಷ್ಠ ಜೀವಾವಧಿ. ಬಂದೂಕಿಗೆ ಯಾವ ಲೇತು ಒಳ್ಳೆಯದು ಎಂಬ ಪ್ರಶ್ನೆಗೆ ಲೈಸೆನ್ಸ್ ಇಲ್ಲದ ಮನೆಯಲ್ಲಿ ಉತ್ತರವೇ ಇಲ್ಲ. ಪೊಲೀಸರು ಬಂದು ಪಂಚನಾಮೆ ಬರೆಯುವುದು ಅಡುಗೆಮನೆಯ ಮಗ್ಗುಲಲ್ಲಿ, ಆಗ ಬಾಗಿಲು ತೆರೆಯುವವಳು ನನ್ನ ತಂಗಿ.

ಇಷ್ಟು ಹೇಳಿದರೆ ಹುಡುಗ ಎದೆ ಸೆಟೆಸಿ, "ದೊಡ್ಡವ್ವಾ, ಇದು ಹಲಗಲಿ ಬ್ಯಾಡರ ನೆಲಾ" ಎಂದ. ಈ ಮಾತನ್ನು ನಮ್ಮ ಜಿಲ್ಲೆಯ ಗಂಡಸರು ಎಷ್ಟು ಸಲೀಸಾಗಿ ಬಳಸುತ್ತಾರೆ! ಮುಧೋಳದ ಹತ್ತಿರದ ಆ ಊರು 1857ರಲ್ಲಿ ಕಂಪನಿ ಸರ್ಕಾರದ ನಿಶ್ಶಸ್ತ್ರೀಕರಣ ಕಾನೂನನ್ನು ಧಿಕ್ಕರಿಸಿತು. ಅದು ಹೊಟ್ಟೆಪಾಡಿನ, ಮಾನದ ಪ್ರಶ್ನೆಯಾಗಿತ್ತು. ಬೇಟೆಯ ಜನರ ಕೈಯಿಂದ ಅವರದೇ ಆಯುಧ ಕಸಿಯಲು ಪರಕೀಯರು ಬಂದಿದ್ದರು. ಸೈನ್ಯ ಊರನ್ನು ಸುಟ್ಟಿತು. ಹಿಡಿದವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿತು. ಅವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಹತ್ತು ಬುಶ್ಶಿನ ಲಾಭಕ್ಕೆ ಕದ್ದು ರಿಪೇರಿ ಮಾಡುವವನು ಆ ಹೆಸರು ಎತ್ತಬಾರದು. ಶಾಲೆಯಲ್ಲಿ ಹಲಗಲಿ ಲಾವಣಿ ಓದಿದವರು ನೆನಪು ಮಾಡಿಕೊಳ್ಳಿ. ಅದರಲ್ಲಿ ಶೂರರ ಹೆಸರುಗಳ ಜೊತೆ ಲೂಟಿಯಾದ ಸಾಮಾನಿನ ಪಟ್ಟಿಯೂ ಇದೆ. ಬೆಣ್ಣೆ, ಅರಿಷಿಣ, ಬೀಸುಕಲ್ಲು, ಮಂಗಳಸೂತ್ರ. ಗಂಡಸರು ಮೊದಲ ಭಾಗವನ್ನಷ್ಟೇ ಬಾಯಿಪಾಠ ಮಾಡಿದ್ದಾರೆ.

ಹಾಗೆಂದು ಲೇತೇ ಬೇಡ ಎನ್ನುವವಳಲ್ಲ ನಾನು. ದುಡಿಯುವ ಕೈಗೆ ಯಂತ್ರ ಬೇಕು. ಯಾವ ಕೆಲಸ ತಾನಾಗಿ ಬಾಗಿಲಿಗೆ ಬರುತ್ತದೆ ಎಂಬುದನ್ನು ನೋಡಿ ಯಂತ್ರ ಆರಿಸಬೇಕು, ಅಷ್ಟೇ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಅದನ್ನು ಕೊಯ್ಯುವ, ಉಜ್ಜುವ ಮಷೀನುಗಳಿಗೆ ಶಾಫ್ಟು, ಪುಲ್ಲಿ, ಬುಶ್ ಸವೆಯುತ್ತಲೇ ಇರುತ್ತವೆ. ಕಬ್ಬು ಹೇರುವ ಟ್ರೇಲರಿನ ಪಿನ್ನು, ಬೋರಿನ ಪಂಪಿನ ಶಾಫ್ಟು, ಇವಕ್ಕೆಲ್ಲ ಬೆಡ್ ಆರು ಅಡಿಯಾದರೂ ಇರಬೇಕು, ದಪ್ಪ ಪುಲ್ಲಿ ಹಿಡಿಯುವಷ್ಟು ಎತ್ತರವೂ ಬೇಕು. ಬಂದೂಕಿನ ಆಸೆಗೆ ಅವನು ಆರಿಸಿಟ್ಟಿದ್ದ ನಾಜೂಕಾದ ಚಿಕ್ಕ ಲೇತು ಈ ಒರಟು ಕೆಲಸದ ಮುಂದೆ ಗಡಗಡ ನಡುಗುತ್ತದೆ.

ಸೆಕೆಂಡ್ ಹ್ಯಾಂಡ್ ತರುವುದಾದರೆ ಹೊಸ ಬಣ್ಣ ನೋಡಿ ಮರುಳಾಗಬಾರದು. ಬಣ್ಣದ ಮಹಿಮೆ ಸೀರೆ ಕೊಳ್ಳುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲೇ. ಸ್ಯಾಡಲನ್ನು ಆ ತುದಿಯಿಂದ ಈ ತುದಿಗೆ ಕೈಯಿಂದ ಓಡಿಸಿ ನೋಡಬೇಕು. ಚಕ್ಕಿನ ಬಳಿ ಸಡಿಲ, ದೂರದಲ್ಲಿ ಬಿಗಿ ಎಂದರೆ ಆ ಲೇತಿನ ಆಯುಷ್ಯ ಮುಗಿದಿದೆ. ನಾಲ್ಕು ದವಡೆಯ ಚಕ್ಕು, ಸ್ಟೆಡಿ, ಗಿಯರುಗಳು ಬೆಲೆಯಲ್ಲೇ ಸೇರಿವೆಯೇ ಎಂದು ಕೇಳಬೇಕು. ಅವನ್ನು ಬೇರೆಯಾಗಿ ಕೊಳ್ಳಹೊರಟರೆ ಇನ್ನೊಂದು ಒಡವೆ ಹೋಗುತ್ತದೆ. ಹಿಂದೆ ಲೇತೆಂದರೆ ಹರಿಹರದ ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ, ಅದರ ಮಷೀನುಗಳು ಮಾತ್ರ ಹಳೆಯ ವರ್ಕ್‌ಶಾಪುಗಳಲ್ಲಿ ಸಿಗುತ್ತವೆ. ನಾವು ಗಡಿಯಾರದಿಂದ ಬಲ್ಲ ಎಚ್.ಎಂ.ಟಿ.ಯೂ 1953ರಲ್ಲಿ ಹುಟ್ಟಿದ್ದು ಇಂಥ ಯಂತ್ರ ಮಾಡಲಿಕ್ಕೇ. ಹೊಸದು ಬೇಕೆಂದರೆ ರಾಜಕೋಟೆಯದು, ಬಟಾಲಾದ್ದು.

ಇನ್ನು ಕರೆಂಟು. ಬಾಗಲಕೋಟೆಯ ನವನಗರದಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ಬಂದವರ ಎಷ್ಟೋ ಮನೆಗಳ ಮೀಟರು ಹೆಂಗಸರ ಹೆಸರಿನಲ್ಲಿದೆ. ಮನೆಬಳಕೆಯ ಮೀಟರಿನ ಮೇಲೆ ಲೇತು ಓಡಿಸಿ ದುಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ಎರಡು ಪಟ್ಟು ದರದ ಲೆಕ್ಕ ಹಾಕಿ ಹೆಸ್ಕಾಂನವರು ನೋಟಿಸು ಕಳಿಸುವುದು ಮೀಟರು ಯಾರ ಹೆಸರಿನಲ್ಲಿದೆಯೋ ಅವರಿಗೆ. ಗೌರವಕ್ಕೆಂದು ಹಾಕಿಸಿದ ಹೆಸರು ದಂಡಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತದೆ.

"ಇಳಕಲ್ಲಿನಾಗ ಮನಿಯೊಳಗೇ ಮಗ್ಗ ಇಲ್ಲೇನು?" ಎಂಬುದು ಅವನ ಕೊನೆಯ ವಾದ. ಇದೆಯಪ್ಪಾ. ಕುಣಿಮಗ್ಗ ಮನೆಯೊಳಗೆ ಇದ್ದುದರಿಂದಲೇ ಕಂಡಿಕೆ ಸುತ್ತುವುದು, ಎಳೆ ಹೊಂದಿಸುವುದು ಮನೆಗೆಲಸದ ಲೆಕ್ಕಕ್ಕೆ ಸೇರಿ, ಕೂಲಿಯ ಲೆಕ್ಕದಿಂದ ಬಿದ್ದುಹೋಯಿತು. ಸೀರೆಯ ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಕೂಡಿಸುವುದರಲ್ಲೇ ಇಳಕಲ್ಲಿನ ಹೆಸರು ನಿಂತಿದೆ. ಆ ಎಳೆಗಳಿಗಾಗಿ ಬೆಳಗಿನಿಂದ ಕೂತವಳ ಹೆಸರು ಯಾವ ಅಂಗಡಿಯ ಪಟ್ಟಿಯಲ್ಲೂ ಇಲ್ಲ. ಲೇತು ಬಂದರೂ ಅದೇ ಕಥೆ. ಎಣ್ಣೆ ಮೆತ್ತಿದ ಅಂಗಿ ಒಗೆಯುವವರು ಯಾರು, ಸುರುಳಿ ಸುರುಳಿಯಾಗಿ ಬೀಳುವ ಬಿಸಿ ಕಬ್ಬಿಣದ ತುಣುಕು ಗುಡಿಸುವವರು ಯಾರು? ಮಗ್ಗ ಸೆರಗನ್ನು ನೇಯುತ್ತದೆ, ಲೇತು ಸೆರಗನ್ನು ಎಳೆದುಕೊಳ್ಳುತ್ತದೆ. ತಿರುಗುವ ಚಕ್ಕಿಗೆ ಜಡೆಯೂ ಒಂದೇ, ಬಳೆಯೂ ಒಂದೇ. ಕೀಲಿಯನ್ನು ಚಕ್ಕಿನಲ್ಲೇ ಮರೆತು ಸ್ವಿಚ್ ಹಾಕಿದರೆ ಅದು ಕಲ್ಲಿನಂತೆ ಹಾರುತ್ತದೆ, ಅಲ್ಲಿಯೇ ಕೂಸು ಆಡುತ್ತಿರುತ್ತದೆ.

ನನ್ನ ತಂಗಿಗೆ ಮೂರು ಮಾತು ಹೇಳಿದ್ದೇನೆ. ಲೇತು ಪಡಸಾಲೆಗಲ್ಲ, ಹಿತ್ತಲ ಕಡೆ ಬೇರೆ ಬಾಗಿಲಿರುವ ಶೆಡ್ಡಿಗೆ. ಮೀಟರು ಬೇರೆ, ಅದು ಮಗನ ಹೆಸರಿಗೆ. ಬಂದೂಕು ಹಿಡಿದು ಬಂದವರನ್ನು ಕಟ್ಟೆಯಿಂದಲೇ ಹಿಂದಕ್ಕೆ ಕಳಿಸಬೇಕು, ಅವರು ಬೀಗರೇ ಆಗಿದ್ದರೂ. ಹುಡುಗ ಮುಖ ಊದಿಸಿಕೊಂಡು ಇಳಕಲ್ಲಿಗೆ ಹೋಗಿ ನಾಲ್ಕು ಗ್ರಾನೈಟ್ ಕಾರ್ಖಾನೆಗಳಲ್ಲಿ ಕೆಲಸ ಎಷ್ಟು ಸಿಗುತ್ತದೆಂದು ಕೇಳಿ ಬಂದಿದ್ದಾನೆ. ಆರು ಅಡಿಯದು ಸಾಲದು, ಎಂಟು ಅಡಿಯದೇ ಬೇಕು ಎನ್ನುತ್ತಿದ್ದಾನಂತೆ. ಪಾಟಲಿ ಇನ್ನೂ ತಂಗಿಯ ಕೈಯಲ್ಲೇ ಇವೆ.