ಹೊಲ ನಮ್ಮದು, ಪಹಣಿ ಕಂಪ್ಯೂಟರ್ ಸೆಂಟರಿನವರದು

ಶಹಾಬಾದಿನ ಪರ್ಸಿ ವ್ಯಾಪಾರಿಗಳನ್ನು ಕೇಳಿ ನೋಡಿ, "ನಿಮ್ಮ ಮೇಲ್ ಐಡಿ ಏನ್ರಿ?" ಬಹಳ ಸಲ ಬರುವ ಉತ್ತರ, "ಅದು ಸೆಂಟರ್‌ನವರ ಬಲ್ಲಿ ಅದರಿ." ಸೇಡಂನ ದಾಲ್ ಮಿಲ್‌ನಲ್ಲಿ ಕೇಳಿದರೆ, "ಎಲ್ಲಾ ಆಡಿಟರೇ ನೋಡ್ಕೋತಾರ್ರಿ." ವಾಡಿಯಲ್ಲಿ ಟಿಪ್ಪರ್ ಇಟ್ಟುಕೊಂಡವರು, "ಅಣ್ಣನ ಮಗ ಬೆಂಗಳೂರಾಗ ಅದಾನ, ಅವನ ಮೊಬೈಲಿಗಿ ಬರ್ತದ" ಎನ್ನುತ್ತಾರೆ.

ಇದೇ ಜನರಿಗೆ ಹೊಲದ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಸರ್ವೆ ನಂಬರು, ಎಕರೆ, ಗುಂಟೆ ಸಮೇತ ಒಪ್ಪಿಸುತ್ತಾರೆ. ಪಹಣಿಯಲ್ಲಿ ಒಂದಕ್ಷರ ತಪ್ಪಿದರೂ ತಹಶೀಲ್ದಾರ್ ಕಚೇರಿಗೆ ಹತ್ತು ಸಲ ಅಲೆಯುತ್ತಾರೆ. ಅಂಥವರು ತಮ್ಮ ದಂಧೆಯ ಕೀಲಿಕೈಯನ್ನು ಮಾತ್ರ ಜೆರಾಕ್ಸ್ ಅಂಗಡಿಯ ಹುಡುಗನ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಮಲಗುತ್ತಾರೆ. ಇದು ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ಮೇಲ್ ಅಂದರೆ ಪತ್ರ ಕಳಿಸುವ ಸಾಧನ ಮಾತ್ರ ಎಂದು ತಿಳಿಯುವ ಕಾಲ ಹೋಯಿತು. ಜಿಎಸ್‌ಟಿ ನೋಂದಣಿ ಮಾಡುವಾಗ ಒಟಿಪಿ ಮೊಬೈಲಿಗೂ ಬರುತ್ತದೆ, ಮೇಲ್‌ಗೂ ಬರುತ್ತದೆ. ಉದ್ಯಮ್ ನೋಂದಣಿ, ಸರ್ಕಾರಿ ಟೆಂಡರು, ಬ್ಯಾಂಕು, ಲಾರಿಯ ವಿಮೆ, ಎಲ್ಲ ಕಡೆಯೂ ಮೇಲ್ ಕೇಳುತ್ತಾರೆ. ಇವುಗಳಲ್ಲಿ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ದಾರಿಯೂ ಅನೇಕ ಸಲ ಆ ಮೇಲ್ ಮೂಲಕವೇ ಹಾದು ಹೋಗುತ್ತದೆ. ಮೇಲ್ ಯಾರ ಕೈಯಲ್ಲಿದೆಯೋ ದಂಧೆ ಅವರ ಕೈಯಲ್ಲಿದೆ.

ನಾವು ಇಲ್ಲದ್ದನ್ನು ಹೇಳಿ ಹೆದರಿಸುತ್ತಿಲ್ಲ. ಜಿಎಸ್‌ಟಿ ಬಂದು ಒಂದು ವರ್ಷ ಆಗುವಷ್ಟರಲ್ಲಿ, 2018ರಲ್ಲಿ, ಕೇಂದ್ರ ಹಣಕಾಸು ಸಚಿವಾಲಯವೇ ಈ ಬಗ್ಗೆ ಪ್ರಕಟಣೆ ಹೊರಡಿಸಬೇಕಾಯಿತು. ನೋಂದಣಿ ಮಾಡಿಕೊಟ್ಟ ಮಧ್ಯವರ್ತಿಗಳು ವ್ಯಾಪಾರಿಗಳ ಬದಲು ತಮ್ಮದೇ ಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿದ್ದಾರೆ, ಈಗ ವಿವರ ಕೊಡುತ್ತಿಲ್ಲ ಎಂಬ ದೂರುಗಳು ದೇಶದ ತುಂಬ ಬಂದಿದ್ದವು. ಅಂಥವರು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ದಾಖಲೆ ತೆಗೆದುಕೊಂಡು ಹೋಗಿ ಮೇಲ್ ಮತ್ತು ನಂಬರ್ ಬದಲಾಯಿಸಿಕೊಳ್ಳಬಹುದು ಎಂದು ಸಚಿವಾಲಯ ದಾರಿ ತೋರಿಸಿತು. ಆ ದಾರಿ ಇದೆ ಎಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಸೆಂಟರಿನವರೆಲ್ಲ ಮೋಸಗಾರರು ಎಂದು ನಾವು ಹೇಳುವುದಿಲ್ಲ. ಹೆಚ್ಚಿನವರು ಕೆಲಸ ಬೇಗ ಮುಗಿಯಲಿ ಎಂದು ಹಾಗೆ ಮಾಡುತ್ತಾರೆ. ಆದರೆ ಸೆಂಟರ್ ಮುಚ್ಚುತ್ತದೆ, ಹುಡುಗ ಪುಣೆಗೆ ಹೋಗುತ್ತಾನೆ, ಸಿಮ್ ಬದಲಾಗುತ್ತದೆ. ಆಮೇಲೆ ಒಟಿಪಿ ಎಲ್ಲಿಗೋ ಹೋಗುತ್ತದೆ, ನೋಟಿಸ್ ಎಲ್ಲಿಗೋ ಬರುತ್ತದೆ. ನಮ್ಮ ತಂಡದಲ್ಲೂ ಹೀಗೇ ಆಗಿದೆ. ಮೊದಲ ಮೇಲ್ ಖಾತೆಯನ್ನು ಗೆಳೆಯನೊಬ್ಬ ತನ್ನ ನಂಬರಿನಲ್ಲಿ ತೆರೆದ. ನೌಕರಿ ಸಿಕ್ಕು ಊರು ಬಿಟ್ಟ, ನಂಬರ್ ಹೋಯಿತು, ಖಾತೆಯೂ ಹೋಯಿತು. ಕಲಿತವರು ಎನ್ನಿಸಿಕೊಂಡ ನಮಗೇ ಹೀಗಾಯಿತು.

ಈಗ ಯಾಕೆ ಅವಸರ?

ನಮ್ಮ ಸೀಮೆಯಲ್ಲಿ ಸುಣ್ಣದಕಲ್ಲು ಇದ್ದಲ್ಲೆಲ್ಲ ಸಿಮೆಂಟ್ ಫ್ಯಾಕ್ಟರಿ ಇದೆ. ಅವುಗಳ ಸುತ್ತ ಲಾರಿಯವರು, ಗುತ್ತೇದಾರರು, ವೆಲ್ಡಿಂಗ್ ಅಂಗಡಿಯವರು, ಕ್ಯಾಂಟೀನ್ ನಡೆಸುವವರು ಬದುಕುತ್ತಾರೆ. ಆ ಫ್ಯಾಕ್ಟರಿಗಳ ಮಾಲೀಕರು ನಮ್ಮ ಕಣ್ಣೆದುರೇ ಬದಲಾಗಿದ್ದಾರೆ. ವಾಡಿಯ ಎಸಿಸಿ 2022ರಲ್ಲಿ ಅದಾನಿ ಗುಂಪಿಗೆ ಹೋಯಿತು. ಸೇಡಂನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್ ಪಾಲಾಯಿತು. ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್ ಅದೇ ವರ್ಷ ಅಂಬುಜಾ ಮೂಲಕ ಅದಾನಿ ಗುಂಪಿಗೇ ಸೇರಿತು.

ಮ್ಯಾನೇಜರು ಮುಖ ನೋಡಿ, ಊರಿನವರು ಎಂದು ಕೆಲಸ ಕೊಡುವ ಕಾಲ ಇದರ ಜೊತೆಗೇ ಮುಗಿಯುತ್ತದೆ. ದೂರದ ದೊಡ್ಡ ಕಚೇರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ, ಕಾಗದದಲ್ಲಿರುವ ವಿಳಾಸ ಮಾತ್ರ ಗೊತ್ತಿರುತ್ತದೆ. ಆ ವಿಳಾಸಕ್ಕೆ ಬಂದ ಪತ್ರಕ್ಕೆ ಎರಡು ದಿನ ಉತ್ತರ ಹೋಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ.

ಬಾಕಿ ಹಣದ ಮಾತೂ ಇದೆ. ಎಂಎಸ್‌ಎಂಇ ಕಾಯ್ದೆ 2006ರ ಪ್ರಕಾರ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು, ಲಿಖಿತ ಒಪ್ಪಂದ ಇದ್ದರೂ ಸಹ, 45 ದಿನಕ್ಕಿಂತ ಹೆಚ್ಚು ಹಣ ತಡೆಹಿಡಿಯುವಂತಿಲ್ಲ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಉದ್ಯಮ್ ನೋಂದಣಿ ಇದ್ದವರು ಆನ್‌ಲೈನಿನಲ್ಲಿ ದೂರು ಕೊಡಬಹುದು. ಆದರೆ ದೂರಿಗೆ ಆರ್ಡರ್ ಬೇಕು, ಬಿಲ್ ಬೇಕು, ಕಳಿಸಿದ ದಿನಾಂಕ ಬೇಕು. ಅವೆಲ್ಲ ಇರುವುದು ಮೇಲ್‌ನಲ್ಲಿ. ಮೇಲ್ ಇನ್ನೊಬ್ಬರ ಬಳಿ ಇದ್ದರೆ ಕಾನೂನು ನಿಮ್ಮ ಪರ ಇದ್ದೂ ನಿಮ್ಮ ಕೈ ಖಾಲಿ.

"ಯಾವ ಕಂಪನಿ ಮೇಲ್ ಛಲೋ?"

ಎಲ್ಲರೂ ಕೇಳುವ ಪ್ರಶ್ನೆ ಇದು. ನಮ್ಮ ಪ್ರಕಾರ ಇದು ಎರಡನೆಯ ಪ್ರಶ್ನೆ. ಮೊದಲನೆಯದು, ವಿಳಾಸ ಯಾರದು?

ನಿಮ್ಮ ಅಂಗಡಿಯ ಹೆಸರಿನ ಮುಂದೆ ಡಾಟ್ ಇನ್ ಅಥವಾ ಡಾಟ್ ಕಾಮ್ ಹಚ್ಚಿ ಒಂದು ಹೆಸರು ಕೊಳ್ಳಬಹುದು. ಅದಕ್ಕೆ ಡೊಮೈನ್ ಎನ್ನುತ್ತಾರೆ. ವರ್ಷ ವರ್ಷ ಶುಲ್ಕ ಕಟ್ಟಬೇಕು. ಅದೇ ನಿಮ್ಮ ಪ್ಲಾಟು. ಮೇಲ್ ಸೇವೆ ಕೊಡುವ ಕಂಪನಿ ಬರೀ ಉಗ್ರಾಣ ಇದ್ದ ಹಾಗೆ. ಉಗ್ರಾಣದವರು ಬಾಡಿಗೆ ಏರಿಸಿದರೆ ಬೇರೆ ಉಗ್ರಾಣಕ್ಕೆ ಸಾಮಾನು ಸಾಗಿಸಿ, ವಿಳಾಸ ಅದೇ ಇರುತ್ತದೆ.

ದಿಲ್ಲಿಯಲ್ಲಿ ಇದೇ ನಡೆದಿದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಈಗ ತಮಿಳುನಾಡಿನ ಜೋಹೊ ಕಂಪನಿಯ ವ್ಯವಸ್ಥೆಗೆ ಹೋಗಿದೆ. ಆದರೆ ನೌಕರರ ವಿಳಾಸ ಬದಲಾಗಲಿಲ್ಲ, ಹಿಂದಿನ ಹಾಗೆ ಗವ್ ಡಾಟ್ ಇನ್ ಎಂದೇ ಇದೆ. ಹೆಸರು ಸರ್ಕಾರದ್ದು, ಉಗ್ರಾಣ ಮಾತ್ರ ಬೇರೆ. ಸರ್ಕಾರಕ್ಕೆ ಗೊತ್ತಿರುವ ಈ ಜಾಣತನ ಪರ್ಸಿ ಅಂಗಡಿಗೂ ಬೇಕು.

ಇದಕ್ಕೆ ಬರುವ ವಾದ, "ಜಿಮೇಲ್ ಪುಕ್ಕಟೆ ಅದಲ್ಲರಿ, ರೊಕ್ಕ ಯಾಕ ಕೊಡಬೇಕು?" ಒಪ್ಪುತ್ತೇವೆ. ಒಬ್ಬರೇ ನಡೆಸುವ ಸಣ್ಣ ಅಂಗಡಿಗೆ ಜಿಮೇಲ್ ಸಾಕು, ಖಾತೆ ನಿಮ್ಮ ನಂಬರಿನಲ್ಲಿದ್ದು ಪಾಸ್‌ವರ್ಡ್ ನಿಮಗೇ ಗೊತ್ತಿದ್ದರೆ. ಆದರೆ ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಈ ನಿಯಮ 2023ರಿಂದ ಇದೆ. 15 ಜಿಬಿ ಜಾಗದಲ್ಲಿ ನಿಮ್ಮ ಮದುವೆ ಫೋಟೊಗಳೂ ಬಿಲ್ಲುಗಳೂ ಒಟ್ಟಿಗೇ ತುಂಬಿಕೊಳ್ಳುತ್ತವೆ. ಮುನೀಮರು, ಮಗ, ಡ್ರೈವರ್ ಮೂವರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದರೆ, ಮುನೀಮರು ಕೆಲಸ ಬಿಟ್ಟ ದಿನ ಏನು ಮಾಡುತ್ತೀರಿ? ಲಕ್ಷದ ಬಿಲ್ ಬರೆಯುವವರು ತಿಂಗಳಿಗೆ ನೂರಿನ್ನೂರು ರೂಪಾಯಿಗೆ ಲೆಕ್ಕ ಹಾಕುವುದು ಉಳಿತಾಯವಲ್ಲ.

ಇನ್ನೊಂದು ವಾದ, "ವೆಬ್‌ಸೈಟ್ ಮಾಡಿಸಿದರೆ ಮೇಲ್ ಪುಕ್ಕಟೆ ಕೊಡ್ತಾರ." ಇದನ್ನು ನಾವು ಒಪ್ಪುವುದಿಲ್ಲ. ಅಂಥ ಅಗ್ಗದ ಪ್ಯಾಕೇಜಿನಲ್ಲಿ ನೂರಾರು ಗಿರಾಕಿಗಳ ಮೇಲ್ ಒಂದೇ ಸರ್ವರಿನಿಂದ ಹೊರಡುತ್ತದೆ. ಅವರಲ್ಲಿ ಒಬ್ಬ ಕಸದ ಮೇಲ್ ಕಳಿಸಿದರೂ ಎಲ್ಲರ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ವೆಬ್‌ಸೈಟಿನ ಗಡುವು ಮುಗಿದರೆ ಮೇಲ್ ಕೂಡ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು, ಡೊಮೈನನ್ನು ಮಾಡಿಕೊಟ್ಟವನು ತನ್ನ ಹೆಸರಿನಲ್ಲೇ ಕೊಂಡಿರುತ್ತಾನೆ. ಅವನು ನವೀಕರಿಸದೆ ಬಿಟ್ಟರೆ, ಕಾಯುವ ಅವಧಿ ಕಳೆದ ಮೇಲೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಕೊಂಡವನಿಗೆ ನಿಮ್ಮ ಹೆಸರಿಗೆ ಬರುವ ಮೇಲ್‌ಗಳೆಲ್ಲ ಹೋಗುತ್ತವೆ, ಒಟಿಪಿ ಸಮೇತ.

ಹಾಗಾದರೆ ಯಾರನ್ನು ಆರಿಸಬೇಕು?

ಹೆಸರು ಹೇಳದೆ ಉಪದೇಶ ಮಾಡುವುದು ಸುಲಭ. ನಾವು ಹೇಳುತ್ತೇವೆ, ಯಾರ ಜಾಹೀರಾತೂ ನಮ್ಮಲ್ಲಿಲ್ಲ. ಐದು ಜನರ ಒಳಗಿನ ದಂಧೆಗೆ ಜೋಹೊ ಮೇಲ್ ನಮ್ಮ ಮೊದಲ ಆಯ್ಕೆ. ಅದರ ಪುಕ್ಕಟೆ ಯೋಜನೆಯಲ್ಲಿ ಸ್ವಂತ ಡೊಮೈನಿಗೆ ಐದು ಖಾತೆ ಸಿಗುತ್ತವೆ, ಒಂದಕ್ಕೆ 5 ಜಿಬಿ. ಬೇರೆ ಆ್ಯಪ್‌ನಲ್ಲಿ ತೆರೆಯುವ ಸೌಲಭ್ಯ ಅದರಲ್ಲಿಲ್ಲ, ಅದು ಬೇಕಾದರೆ ಹಣ ಕೊಡುವ ಯೋಜನೆಗೆ ಹೋಗಿ. ಮನೆಯವರೆಲ್ಲ ಜಿಮೇಲ್‌ಗೇ ಒಗ್ಗಿಹೋಗಿದ್ದರೆ ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಳ್ಳಿ. ಲೆಕ್ಕಪತ್ರವೆಲ್ಲ ಎಕ್ಸೆಲ್‌ನಲ್ಲೇ ನಡೆಯುತ್ತಿದ್ದರೆ ಮೈಕ್ರೋಸಾಫ್ಟ್ ನೋಡಿ.

ಯಾರನ್ನೇ ಆರಿಸಿ, ನಾಲ್ಕು ಮಾತು ಕೇಳಿ.

ಎರಡನೇ ವರ್ಷದ ದರ ಎಷ್ಟು? ಮೊದಲ ವರ್ಷ ಅಗ್ಗ ತೋರಿಸಿ ಆಮೇಲೆ ಏರಿಸುವುದು ಈ ವ್ಯಾಪಾರದ ರೂಢಿ. 18 ಪರ್ಸೆಂಟ್ ಜಿಎಸ್‌ಟಿ ಬೇರೆ ಸೇರುತ್ತದೆ.

ಬಿಟ್ಟು ಹೋಗುವಾಗ ಹಳೆಯ ಮೇಲ್‌ಗಳನ್ನೆಲ್ಲ ತೆಗೆದುಕೊಂಡು ಹೋಗಬಹುದೇ?

ತೊಂದರೆಯಾದರೆ ಮಾತಾಡಲು ಮನುಷ್ಯರು ಸಿಗುತ್ತಾರೆಯೇ?

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರನ್ನೂ ಹೊಂದಿಸಿಕೊಡುತ್ತಾರೆಯೇ? ಇವು ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಮೊಹರುಗಳು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಮೊಹರಿಲ್ಲದ ಬಿಲ್ ಫ್ಯಾಕ್ಟರಿಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೊಳೆಯಬಹುದು.

ದೊಡ್ಡ ಕಂಪನಿಯ ಸೇವೆ ತೆಗೆದುಕೊಂಡರೆ ಚಿಂತೆಯಿಲ್ಲ ಎಂದೂ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಗುಜರಾತಿನಲ್ಲಿ ತೈಲ ಶುದ್ಧೀಕರಣ ಘಟಕ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಂತಿತು. ಯುರೋಪಿನ ನಿರ್ಬಂಧ ಅದಕ್ಕೆ ಕಾರಣ. ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಯಿತು, ಬಳಿಕ ಸೇವೆ ಮರಳಿತು. ಅವರಿಗೆ ವಕೀಲರಿದ್ದರು, ಚಿಂಚೋಳಿಯ ತೊಗರಿ ವ್ಯಾಪಾರಿಗೆ ಯಾರಿದ್ದಾರೆ? ಅದಕ್ಕೇ ಮುಖ್ಯ ಆರ್ಡರ್, ಬಿಲ್, ಒಪ್ಪಂದಗಳ ಪ್ರತಿ ಮನೆಯಲ್ಲಿ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ಹಣದ ಬಗ್ಗೆ ಒಂದು ಎಚ್ಚರಿಕೆ. ಮೇಲ್ ಕಳ್ಳರು ಪಾಸ್‌ವರ್ಡ್ ಸಿಕ್ಕ ಕೂಡಲೇ ಕದಿಯುವುದಿಲ್ಲ. ಸುಮ್ಮನೆ ಕೂತು ಓದುತ್ತಾರೆ. ಬಿಲ್ ಹೋಗುವ ಹೊತ್ತಿಗೆ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ" ಎಂದು ನಿಮ್ಮ ಹೆಸರಿನಲ್ಲೇ ಬರೆಯುತ್ತಾರೆ. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಖಾತೆ ಬದಲಾವಣೆಯ ಮೇಲ್ ಬಂದರೆ ಪರಿಚಯದ ನಂಬರಿಗೆ ಫೋನ್ ಹಚ್ಚಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಾವು ಕೇಳುವುದು ಇಷ್ಟೇ

ಆನ್‌ಲೈನ್ ಸೆಂಟರಿನ ಗೆಳೆಯರೇ, ಗಿರಾಕಿಯ ಫಾರ್ಮಿನಲ್ಲಿ ನಿಮ್ಮ ಮೇಲ್ ಹಾಕಬೇಡಿ. ಅವರ ಮೊಬೈಲಿನಲ್ಲೇ ಖಾತೆ ತೆರೆದುಕೊಡಿ, ಅದಕ್ಕೆ ಐವತ್ತು ರೂಪಾಯಿ ಹೆಚ್ಚು ತೆಗೆದುಕೊಳ್ಳಿ.

ಕಲಬುರಗಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಒಂದು ಮಾತು. ಯೋಜನೆಗಳ ಪಟ್ಟಿ ಹಂಚುವ ಶಿಬಿರಗಳಲ್ಲಿ ಅರ್ಧ ದಿನ ಇದಕ್ಕೆ ಕೊಡಿ. ತಾಲ್ಲೂಕಿಗೊಂದು ದಿನ ಕೂತು ಉದ್ಯಮ್ ಮತ್ತು ಜಿಎಸ್‌ಟಿಯಲ್ಲಿ ಯಾರ ಮೇಲ್ ಇದೆ ಎಂದು ನೋಡಿ ಸರಿಪಡಿಸಿಕೊಡಿ, ಕನ್ನಡದಲ್ಲಿ. ಎಲ್ಲ ಕಡೆ ಮೇಲ್ ಕಡ್ಡಾಯ ಮಾಡಿ ಅದನ್ನು ಕಲಿಸದೆ ಬಿಡುವುದು ನ್ಯಾಯವಲ್ಲ.

ಓದುವ ನೀವು ಇವತ್ತು ರಾತ್ರಿ ಊಟ ಆದ ಮೇಲೆ ಜಿಎಸ್‌ಟಿ ಪ್ರಮಾಣಪತ್ರ, ಉದ್ಯಮ್ ಕಾಗದ, ಬ್ಯಾಂಕಿನ ದಾಖಲೆ ಮೂರನ್ನೂ ಮುಂದೆ ಇಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಯಾವ ಮೇಲ್, ಯಾವ ನಂಬರ್ ಕೊಟ್ಟಿದೆ ಎಂದು ಸೆಂಟರಿಗೆ, ಆಡಿಟರಿಗೆ ಫೋನ್ ಹಚ್ಚಿ ಕೇಳಿ ಬರೆದುಕೊಳ್ಳಿ. ನಿಮ್ಮದಲ್ಲದ್ದು ಇದ್ದರೆ ಬದಲಾಯಿಸುವ ಕೆಲಸ ನಾಳೆಯೇ ಶುರುವಾಗಲಿ. ಡೊಮೈನ್ ಇದ್ದವರು ಅದರ ಲಾಗಿನ್ ಕೇಳಿ ಪಡೆಯಿರಿ, ಆ ಲಾಗಿನ್‌ಗೆ ಅದೇ ಡೊಮೈನಿನ ಮೇಲ್ ಬೇಡ, ಬೇರೆಯದು ಕೊಡಿ. ಇಲ್ಲವಾದರೆ ಗಡುವು ತಪ್ಪಿದ ದಿನ ಎರಡೂ ಬಾಗಿಲು ಒಟ್ಟಿಗೇ ಮುಚ್ಚುತ್ತವೆ.

ಯಾರಾದರೂ "ನಿಮಗ್ಯಾಕ್ರಿ ಇದೆಲ್ಲಾ, ನಾವ್ ನೋಡ್ಕೋತೀವಿ" ಅಂದರೆ ನಗುತ್ತಲೇ ಕೇಳಿ, "ನಿಮ್ಮ ಹೊಲದ ಪಹಣಿ ನನ್ನ ಹೆಸರಿಗಿ ಮಾಡ್ತೀರೇನ್ರಿ?"