ಕೆಂಪು ಕರಗದ ಇರುಳಿನಲ್ಲಿ ಇಶಾ

ಬಗ್ದಾದಿನ ಒಬ್ಬ ದರ್ಜಿ ಅದು ಹೇಗೋ ದೂರದ ವೋಲ್ಗಾ ನದಿಯ ತೀರ ಸೇರಿ, ಅಲ್ಲಿನ ಬುಲ್ಗಾರ್ ಜನರ ಅರಸನ ಬಳಿ ಹೊಲಿಗೆ ಕೆಲಸ ಮಾಡಿಕೊಂಡಿದ್ದ. ಕ್ರಿ.ಶ. 922ರ ಮೇ ತಿಂಗಳಲ್ಲಿ ಖಲೀಫ ಅಲ್ ಮುಖ್ತದಿರನ ರಾಯಭಾರಿಗಳ ತಂಡ ಅಲ್ಲಿಗೆ ಬಂತು. ತಂಡದಲ್ಲಿದ್ದ ಅಹ್ಮದ್ ಇಬ್ನ್ ಫದ್ಲಾನನ ಡೇರೆಗೆ ಒಂದು ಸಂಜೆ ಈ ದರ್ಜಿ ಮಾತಾಡಲು ಬಂದ. ತನ್ನೂರಿನವರನ್ನು ಕಂಡ ಸಂತೋಷ ಅವನಿಗೆ. ಇಶಾ, ಅಂದರೆ ರಾತ್ರಿಯ ನಮಾಜಿನ ಅಝಾನ್ ಕೇಳಿಸಲಿ ಎಂದು ಕಾಯುತ್ತ ಇಬ್ಬರೂ ಹರಟುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಅಝಾನ್ ಕೇಳಿಸಿತು. ಹೊರಗೆ ಬಂದು ನೋಡಿದರೆ ಬೆಳಗಾಗಿತ್ತು!

ಇಬ್ನ್ ಫದ್ಲಾನ್ ಮುಅಝ್ಝಿನನನ್ನು ವಿಚಾರಿಸಿದ. ಕೂಗಿದ್ದು ಬೆಳಗಿನ ಫಜ್ರ್ ನಮಾಜಿಗೆ. ಹಾಗಾದರೆ ಇಶಾ? ಅದನ್ನು ಸೂರ್ಯಾಸ್ತದ ಮಗ್ರಿಬ್ ಜೊತೆಗೇ ಮುಗಿಸಿಬಿಡುತ್ತೇವೆ ಎಂದ ಆತ. ಸಂಜೆ ಒಲೆಯ ಮೇಲಿಟ್ಟ ಮಡಕೆ ಬೇಯುವುದರೊಳಗೆ ಬೆಳಗಿನ ನಮಾಜಿನ ಹೊತ್ತಾಗುತ್ತಿತ್ತಂತೆ. ಫಜ್ರ್ ಎಲ್ಲಿ ತಪ್ಪಿಹೋಗುವುದೋ ಎಂಬ ಅಂಜಿಕೆಯಿಂದ ಆತ ಒಂದು ತಿಂಗಳಿಂದ ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ. ಇಬ್ನ್ ಫದ್ಲಾನ್ ಇದನ್ನೆಲ್ಲ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಆ ಕಥನದ ವಿಸ್ತಾರವಾದ ಹಸ್ತಪ್ರತಿಯನ್ನು 1923ರಲ್ಲಿ ಇರಾನಿನ ಮಶ್ಹದ್‌ನಲ್ಲಿ ಪತ್ತೆ ಹಚ್ಚಿದ ಝೆಕಿ ವೆಲಿದಿ ತೊಗಾನ್ ವೋಲ್ಗಾ-ಉರಲ್ ಸೀಮೆಯಲ್ಲೇ ಹುಟ್ಟಿದವರು ಎಂಬುದೊಂದು ಸ್ವಾರಸ್ಯ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಈ ಮುಅಝ್ಝಿನನ ಕಷ್ಟವನ್ನು ತಿಳಿಯಬೇಕಾದರೆ ಇಶಾ ಹೊತ್ತನ್ನು ನಿರ್ಧರಿಸುವುದು ಹೇಗೆಂದು ನೋಡಬೇಕು. ಇಸ್ಲಾಮಿನಲ್ಲಿ ದಿನದ ಐದು ನಮಾಜುಗಳ ವೇಳೆಯೂ ಸೂರ್ಯನ ಚಲನೆಗೆ ಅಂಟಿಕೊಂಡಿದೆ. ಸೂರ್ಯ ಮುಳುಗಿದೊಡನೆ ಮಗ್ರಿಬ್. ಪಡುವಣದ ಮುಸ್ಸಂಜೆ ಬೆಳಕು ಪೂರ್ತಿ ಅಳಿದ ಮೇಲೆ ಇಶಾ. ಜಿಬ್ರೀಲ್ ದೇವದೂತರು ಎರಡು ದಿನ ಪ್ರವಾದಿ ಮುಹಮ್ಮದರಿಗೆ ನಮಾಜಿನ ವೇಳೆಗಳನ್ನು ತೋರಿಸಿಕೊಟ್ಟರೆಂದು ಹದೀಸ್ ಹೇಳುತ್ತದೆ. ಮೊದಲ ದಿನ ಇಶಾ ನಡೆದದ್ದು ಆ ಬೆಳಕು ಅಳಿದ ಕೂಡಲೇ, ಎರಡನೆಯ ದಿನ ರಾತ್ರಿಯ ಮೂರನೇ ಒಂದು ಭಾಗ ಕಳೆದಾಗ. ಹಾಗಾಗಿ ಆರಂಭದ ವಿಷಯದಲ್ಲಿ ಖಚಿತತೆ ಇದೆ, ಮುಂದಕ್ಕೆ ಒಂದಿಷ್ಟು ಸಡಿಲವೂ ಇದೆ. ನಡುರಾತ್ರಿಯ ಒಳಗೆ ಮುಗಿಸುವುದು ಮೇಲು, ಅನಿವಾರ್ಯವಾದರೆ ಫಜ್ರ್ ತನಕ ಅವಕಾಶವಿದೆ ಎಂಬುದು ಬಹುತೇಕ ವಿದ್ವಾಂಸರ ಮತ.

ಪ್ರವಾದಿಯವರಿಗೆ ಇಶಾವನ್ನು ತಡವಾಗಿ ಮಾಡುವುದೇ ಇಷ್ಟವಾಗಿತ್ತು. ಒಂದು ರಾತ್ರಿ ಅವರು ಮಸೀದಿಗೆ ಬರುವುದು ಬಹಳ ತಡವಾಯಿತು. ಹೆಂಗಸರು, ಮಕ್ಕಳು ನಿದ್ದೆ ಹೋದರೆಂದು ಉಮರ್ ಕೂಗಿ ಹೇಳಬೇಕಾಯಿತು. ಜನರಿಗೆ ಕಷ್ಟವಾಗದಿದ್ದರೆ ಇದೇ ಸರಿಯಾದ ಹೊತ್ತು ಎಂಬರ್ಥದ ಮಾತನ್ನು ಪ್ರವಾದಿಯವರು ಆಗ ಆಡಿದರು. ತೂಕಡಿಸುವ ಮಗುವಿನ ಲೆಕ್ಕವೂ ಈ ವೇಳಾಪಟ್ಟಿಯಲ್ಲಿ ಮೊದಲಿನಿಂದ ಸೇರಿದೆ ಎಂಬುದು ಗಮನಿಸಬೇಕಾದ ಸಂಗತಿ.

ಇನ್ನು 'ಮುಸ್ಸಂಜೆ ಬೆಳಕು' ಎಂದರೆ ಯಾವುದು? ಮೊದಲು ಕೆಂಪು ಮಾಯವಾಗುತ್ತದೆ, ಆಮೇಲೂ ಒಂದು ಮಸುಕು ಬಿಳುಪು ಉಳಿಯುತ್ತದೆ. ಬಿಳುಪೂ ಅಳಿಯಬೇಕೆಂದರು ಇಮಾಮ್ ಅಬೂ ಹನೀಫಾ. ಕೆಂಪು ಅಳಿದರೆ ಸಾಕೆಂದರು ಇಮಾಮ್ ಶಾಫಿಈ ಮೊದಲಾದವರು. ಅಬೂ ಹನೀಫಾರ ಇಬ್ಬರು ಪ್ರಮುಖ ಶಿಷ್ಯರೂ ಈ ವಿಷಯದಲ್ಲಿ ಗುರುವಿನ ಜೊತೆಗಿಲ್ಲ. ಕರ್ನಾಟಕದಲ್ಲಿ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಬಹುಮಟ್ಟಿಗೆ ಶಾಫಿಈ ಪಂಥದವರು, ಘಟ್ಟದ ಮೇಲಿನ ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿಗಳು. ಇಲ್ಲಿ ಕೆಂಪಿಗೂ ಬಿಳುಪಿಗೂ ಹತ್ತು-ಹದಿನೈದು ನಿಮಿಷಗಳ ಅಂತರವಷ್ಟೆ. ಅದರಿಂದ ಯಾರ ನಿದ್ದೆಯೂ ಕೆಡುವುದಿಲ್ಲ.

ಮೋಡ ಕವಿದ ದಿನ ಆಕಾಶ ನೋಡಿ ಹೊತ್ತು ಹೇಳುವುದು ಹೇಗೆ? ಈ ಪ್ರಶ್ನೆ ಧರ್ಮಶಾಸ್ತ್ರವನ್ನು ಗಣಿತದ ಬಾಗಿಲಿಗೆ ತಂದು ನಿಲ್ಲಿಸಿತು. ದಿಗಂತದಿಂದ ಸೂರ್ಯ ಎಷ್ಟು ಡಿಗ್ರಿ ಕೆಳಗಿಳಿದರೆ ಬೆಳಕು ಅಳಿಯುತ್ತದೆ ಎಂದು ಖಗೋಳಜ್ಞರು ಅಳೆಯತೊಡಗಿದರು. ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್ ಬಿರೂನಿ ಕೊಟ್ಟ ಉತ್ತರ 18 ಡಿಗ್ರಿ. 14ನೇ ಶತಮಾನದ ಡಮಾಸ್ಕಸ್‌ನಲ್ಲಿ ಅಲ್ ಖಲೀಲಿ ರಚಿಸಿದ ಕೋಷ್ಟಕಗಳಲ್ಲಿ ಇಶಾಕ್ಕೆ 17, ಫಜ್ರ್‌ಗೆ 19. ಆಗ ದೊಡ್ಡ ಮಸೀದಿಗಳಲ್ಲಿ 'ಮುವಖ್ಖಿತ್' ಎಂಬ ವೇಳಾ ತಜ್ಞನಿಗೆ ಸಂಬಳದ ಹುದ್ದೆಯೇ ಇತ್ತು. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಮುವಖ್ಖಿತ್ ಇಬ್ನ್ ಅಲ್ ಶಾತಿರ್ 1371ರಲ್ಲಿ ಅಲ್ಲಿನ ಮಿನಾರಕ್ಕಾಗಿ ಮಾಡಿದ ಸೂರ್ಯ ಗಡಿಯಾರ ಪ್ರಸಿದ್ಧವಾದುದು. ಇಂದಿಗೂ ಒಮ್ಮತವಿಲ್ಲ. ಕರಾಚಿಯ ಪದ್ಧತಿಯಲ್ಲಿ 18 ಡಿಗ್ರಿ, ಮುಸ್ಲಿಂ ವರ್ಲ್ಡ್ ಲೀಗ್‌ನದರಲ್ಲಿ 17, ಉತ್ತರ ಅಮೆರಿಕದ ಒಂದು ಪದ್ಧತಿಯಲ್ಲಿ 15. ಮಕ್ಕಾದ ಉಮ್ಮುಲ್ ಖುರಾ ಪಂಚಾಂಗವಂತೂ ಡಿಗ್ರಿಯ ಗೊಡವೆಗೇ ಹೋಗದೆ ಮಗ್ರಿಬ್ ಆದ 90 ನಿಮಿಷಕ್ಕೆ ಇಶಾ ಎನ್ನುತ್ತದೆ. ರಂಜಾನ್ ತಿಂಗಳಲ್ಲಿ 120 ನಿಮಿಷ.

ಈಗ ವಿದ್ಯಾರ್ಥಿಗಳು ಅಟ್ಲಾಸ್ ತೆರೆದು ಒಂದು ಸಣ್ಣ ಲೆಕ್ಕ ಮಾಡಬಹುದು. ಜೂನ್ 21ರಂದು ಸೂರ್ಯ ಸಮಭಾಜಕ ವೃತ್ತದಿಂದ ಸುಮಾರು 23.5 ಡಿಗ್ರಿ ಉತ್ತರದಲ್ಲಿರುತ್ತಾನೆ. ಉತ್ತರ ಗೋಳಾರ್ಧದ ಊರಿನ ಅಕ್ಷಾಂಶವನ್ನೂ ಈ 23.5ನ್ನೂ 90ರಿಂದ ಕಳೆದರೆ, ಆ ನಡುರಾತ್ರಿ ಸೂರ್ಯ ದಿಗಂತದಿಂದ ಎಷ್ಟು ಕೆಳಗಿರುತ್ತಾನೆಂಬುದು ಸಿಗುತ್ತದೆ. ಬೆಂಗಳೂರಿನ ಅಕ್ಷಾಂಶ 13, ಉತ್ತರ 53.5. ಆದ್ದರಿಂದ 18 ಡಿಗ್ರಿ ದಾಟುವುದು ಅಲ್ಲಿ ತಡವಾಗುವ ಮಾತೇ ಇಲ್ಲ. ವರ್ಷವಿಡೀ ಸೂರ್ಯಾಸ್ತದ ನಂತರ 70ರಿಂದ 80 ನಿಮಿಷದೊಳಗೆ ಆಗಿಹೋಗುತ್ತದೆ. ಲಂಡನ್ನಿನ ಅಕ್ಷಾಂಶ 51.5, ಉತ್ತರ ಬರೀ 15. ಅಂದರೆ ಅಲ್ಲಿ ಮೇ ಕೊನೆಯ ವಾರದಿಂದ ಜುಲೈ ಮೂರನೇ ವಾರದ ತನಕ ಸೂರ್ಯ 18 ಡಿಗ್ರಿ ಇಳಿಯುವುದೇ ಇಲ್ಲ. ಪಡುವಣದ ಬೆಳಕು ಅಳಿಯದೆ ಉತ್ತರದ ಅಂಚಿನಲ್ಲೇ ಸರಿದು ಮೂಡಣದ ಬೆಳಕಾಗುತ್ತದೆ. 48.5 ಡಿಗ್ರಿ ಈ ತೊಂದರೆಯ ಗಡಿ. ಪ್ಯಾರಿಸ್ ಆ ಗಡಿಯಿಂದ ಕೂದಲೆಳೆಯಷ್ಟು ಆಚೆಗಿದೆ. ಬುಲ್ಗಾರ್ ನಗರ ಇದ್ದುದು ಸುಮಾರು 55 ಡಿಗ್ರಿಯಲ್ಲಿ.

ಇಶಾ ಹೊತ್ತಿನ ಗುರುತೇ ಬರದಿದ್ದರೆ ಇಶಾ ಕಡ್ಡಾಯವೇ? ಬುಲ್ಗಾರಿನಿಂದ ಈ ಪ್ರಶ್ನೆ ಮಧ್ಯ ಏಷ್ಯಾದ ಖ್ವಾರಿಜಮ್ ತಲುಪಿತು. ಅಲ್ಲಿನ ವಿದ್ವಾಂಸ ಅಲ್ ಬಖ್ಖಾಲಿ, ಕಡ್ಡಾಯವಲ್ಲ ಎಂದುಬಿಟ್ಟರು. ಹನಫಿ ಗ್ರಂಥಗಳು ಹೇಳುವ ಕಥೆಯಂತೆ, ಇದನ್ನು ಒಪ್ಪದ ಇನ್ನೊಬ್ಬ ವಿದ್ವಾಂಸರು ತುಂಬಿದ ಸಭೆಯಲ್ಲಿ ಅವರನ್ನು ಪ್ರಶ್ನಿಸಲು ಜನ ಕಳಿಸಿದರು: ಐದು ನಮಾಜುಗಳಲ್ಲಿ ಒಂದನ್ನು ಕೈಬಿಟ್ಟವನು ಧರ್ಮದ ಒಳಗಿದ್ದಾನೆಯೇ? ಬಖ್ಖಾಲಿ ಮರುಪ್ರಶ್ನೆ ಹಾಕಿದರು: ವುಝೂ ಮಾಡುವಾಗ ಮುಖ, ಕೈ, ತಲೆ, ಕಾಲು ಹೀಗೆ ನಾಲ್ಕು ಕಡ್ಡಾಯ, ಎರಡೂ ಕೈಗಳೇ ಇಲ್ಲದವನಿಗೆ ಎಷ್ಟು? ಮೂರೇ ಎಂಬುದು ಉತ್ತರ. ತೊಳೆಯಬೇಕಾದ ಅಂಗವೇ ಇಲ್ಲದ ಮೇಲೆ ತೊಳೆಯುವ ಮಾತೆಲ್ಲಿ? ನಮಾಜೂ ಹಾಗೆಯೇ ಎಂದರು ಬಖ್ಖಾಲಿ. ಪ್ರಶ್ನೆ ಕಳಿಸಿದವರೂ ತಲೆದೂಗಿದರಂತೆ.

ತರ್ಕ ಚುರುಕಾಗಿದೆ, ಆದರೆ ಬಿಗಿಯಾಗಿಲ್ಲ. ಅದರ ದೋಷವನ್ನು ಎತ್ತಿ ತೋರಿದವರು 15ನೇ ಶತಮಾನದ ಈಜಿಪ್ಟಿನ ಇಬ್ನ್ ಅಲ್ ಹುಮಾಮ್. ಕೈ ಇಲ್ಲದಿರುವುದೇ ಬೇರೆ, ಗುರುತು ಕಾಣದಿರುವುದೇ ಬೇರೆ ಎಂದರು ಅವರು. ಮುಸ್ಸಂಜೆ ಬೆಳಕು ಅಳಿಯುವುದು ಕರ್ತವ್ಯದ ಮೂಲವಲ್ಲ, ಅದರ ಹೊತ್ತನ್ನು ತಿಳಿಸುವ ಸೂಚನೆ. ಒಂದು ಸೂಚನೆ ಸಿಗದಿದ್ದ ಮಾತ್ರಕ್ಕೆ ಸೂಚಿತವಾದದ್ದೇ ಇಲ್ಲವೆನ್ನಲು ಬರುವುದಿಲ್ಲ. ಅವರು ಆಧಾರವಾಗಿ ಹಿಡಿದದ್ದು ಒಂದು ಹದೀಸನ್ನು: ಅಂತ್ಯಕಾಲದಲ್ಲಿ ದಜ್ಜಾಲ್ ಬಂದಾಗ ಒಂದು ದಿನ ವರ್ಷದಷ್ಟು ಉದ್ದವಾಗುವುದೆಂದು ಪ್ರವಾದಿಯವರು ಹೇಳಿದಾಗ, ಆ ದಿನಕ್ಕೆ ಒಂದು ದಿನದ ನಮಾಜು ಸಾಕೇ ಎಂದು ಅನುಚರರು ಕೇಳಿದರು. ಸಾಲದು, ಅಂದಾಜು ಕಟ್ಟಿ ಮಾಡಿರಿ ಎಂಬುದು ಅವರಿಗೆ ಸಿಕ್ಕ ಉತ್ತರ. ಇಂದಿನ ಎಲ್ಲ ಪರಿಹಾರಗಳೂ ನಿಂತಿರುವುದು ಈ 'ಅಂದಾಜು' ಎಂಬ ಒಂದು ಮಾತಿನ ಮೇಲೆ.

ವೋಲ್ಗಾ ಸೀಮೆಯಲ್ಲಿ ವಾದ ಅಷ್ಟಕ್ಕೆ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಇಶಾ ಬಿಡಬಹುದೆಂಬ ಪಕ್ಷ 19ನೇ ಶತಮಾನದಲ್ಲೂ ಬಲವಾಗಿತ್ತು. ಅದನ್ನು ಅಬುನ್ನಸರ್ ಖುರ್ಸಾವಿ ವಿರೋಧಿಸಿದರು. ಕಜಾನ್ ನಗರದ ಶಿಹಾಬುದ್ದೀನ್ ಮರ್ಜಾನಿ, ಬೆಳಕು ಅಳಿಯದಿದ್ದರೂ ಇಶಾ ಕಡ್ಡಾಯವೆಂದು ಸಾಧಿಸಲು ಒಂದು ಇಡೀ ಪುಸ್ತಕ ಬರೆದರು. ಅದು 1870ರಲ್ಲಿ ಅಚ್ಚಾಯಿತು. ಹಿಂದಿನವರ ಮಾತನ್ನು ಕಣ್ಣುಮುಚ್ಚಿ ಒಪ್ಪದೆ ಮೂಲವನ್ನೇ ಪರಿಶೀಲಿಸಬೇಕೆಂಬ ಅವರ ಹಟ ತಾತಾರ್ ಸಮಾಜದ ಸುಧಾರಣೆಗೂ ದಾರಿ ಮಾಡಿತು.

ಕಡ್ಡಾಯವೇ ಎಂಬ ಪ್ರಶ್ನೆ ಹೀಗೆ ಬಹುಮಟ್ಟಿಗೆ ಬಗೆಹರಿಯಿತು. ಅಂದಾಜು ಹೇಗೆ ಎಂಬುದು ಬಗೆಹರಿದಿಲ್ಲ. ಬ್ರಿಟನ್ನಿನಲ್ಲಿ ಇದು ಮನೆಮನೆಯ ವಿಷಯ. ಜೂನ್ 21ರಂದು ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9.21ರ ಸುಮಾರಿಗೆ, ಹುಟ್ಟುವುದು 4.43ಕ್ಕೆ. ರಾತ್ರಿಯನ್ನು ಏಳು ಪಾಲು ಮಾಡಿ ಮೊದಲ ಪಾಲು ಕಳೆದ ಮೇಲೆ ಇಶಾ ಎನ್ನುವ ಕ್ರಮ ಹಿಡಿದರೆ 10.25ಕ್ಕೆ ಹೊತ್ತಾಗುತ್ತದೆ. ನಡುರಾತ್ರಿಯ ಕ್ರಮ ಹಿಡಿದರೆ 1 ಗಂಟೆ ಮೀರುತ್ತದೆ. ಬೆಳಕು ಕೊನೆಯ ಸಲ ಅಳಿದ ದಿನದ ಹೊತ್ತನ್ನೇ ಮುಂದುವರಿಸುವವರಿದ್ದಾರೆ. ಬೆಳಕು ಅಳಿಯುವ ಹತ್ತಿರದ ಊರಿನ ಲೆಕ್ಕ ಹಿಡಿಯುವವರೂ ಇದ್ದಾರೆ. ಮಗ್ರಿಬ್ ಜೊತೆ ಸೇರಿಸಬಹುದೆನ್ನುವ ವಿದ್ವಾಂಸರಿದ್ದಾರೆ. ಹನಫಿಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಪುಸ್ತಕದ ಡಿಗ್ರಿಗಳನ್ನು ನಂಬದೆ ಬ್ಲ್ಯಾಕ್‌ಬರ್ನ್ ಪಟ್ಟಣದ ಕೆಲವು ಉಲೇಮಾಗಳು 1987-88ರಲ್ಲಿ ಆಕಾಶವನ್ನೇ ಕಾದು ನೋಡಿ ದಾಖಲಿಸಿದ್ದೂ ಉಂಟು. ಒಂದೇ ಊರಿನ ಎರಡು ಮಸೀದಿಗಳ ಪಟ್ಟಿಯಲ್ಲಿ ಗಂಟೆಗೂ ಮೀರಿದ ಅಂತರ ಬರುವುದು ಹೀಗೆ.

ಅಲ್ಲಿನ ಶಾಲಾ ಮಕ್ಕಳ ದೊಡ್ಡ ಪರೀಕ್ಷೆಗಳು ನಡೆಯುವುದು ಮೇ-ಜೂನ್ ತಿಂಗಳಲ್ಲೇ. ಇಶಾ 1 ಗಂಟೆಗೆ, ಫಜ್ರ್ ಅದಾದ ಒಂದೆರಡು ಗಂಟೆಯಲ್ಲಿ, ಪರೀಕ್ಷೆ ಬೆಳಿಗ್ಗೆ 9ಕ್ಕೆ. 2016ರಲ್ಲಿ ರಂಜಾನ್ ಕೂಡ ಜೂನ್ ಮೊದಲ ವಾರದಲ್ಲಿ ಆರಂಭವಾಗಿ ಉಪವಾಸ, ತರಾವೀಹ್ ಎಲ್ಲ ಸೇರಿಕೊಂಡವು. ರಂಜಾನ್ ಮತ್ತೆ ಜೂನ್‌ಗೆ ಬರುವುದು 2040ರ ದಶಕದ ಕೊನೆಗೆ. ಆದರೆ ಇಶಾ ಪ್ರತಿ ಜೂನ್‌ನಲ್ಲೂ ಇರುತ್ತದೆ. ಏಳನೇ ಒಂದು ಪಾಲಿನ ಕ್ರಮಕ್ಕೂ ಆಧಾರ ಇರುವಾಗ, ಹದಿನಾರರ ಹುಡುಗನನ್ನು 1 ಗಂಟೆಯ ತನಕ ಕೂರಿಸುವುದೇ ಹೆಚ್ಚಿನ ಭಕ್ತಿ ಎಂದು ಭಾವಿಸಲು ಕಾರಣವಿಲ್ಲ.

ಓದಿಗಾಗಿ ಮಕ್ಕಳನ್ನು ಬ್ರಿಟನ್, ಜರ್ಮನಿ, ಕೆನಡಾಗಳಿಗೆ ಕಳಿಸುವ ತಂದೆತಾಯಿಗಳು ಒಂದು ವಿಷಯ ತಿಳಿದಿರುವುದು ಒಳ್ಳೆಯದು. ಮೊಬೈಲಿನ ನಮಾಜ್ ಆ್ಯಪ್‌ಗಳಲ್ಲಿ ಎಷ್ಟು ಡಿಗ್ರಿ ಎಂಬ ಆಯ್ಕೆಯ ಜೊತೆಗೆ, ಉತ್ತರದ ದೇಶಗಳಿಗೆಂದೇ ನಡುರಾತ್ರಿ, ಏಳನೇ ಒಂದು ಪಾಲು, ಡಿಗ್ರಿಯ ಅನುಪಾತ ಎಂಬ ಬೇರೆ ಆಯ್ಕೆಗಳೂ ಇರುತ್ತವೆ. ಊರಿನಲ್ಲಿ ಹಾಕಿಕೊಂಡ ಆ್ಯಪ್ ಅಲ್ಲಿ ಯಾವ ಕ್ರಮದಲ್ಲಿ ಹೊತ್ತು ತೋರಿಸುತ್ತಿದೆ ಎಂದು ಮೊದಲು ನೋಡಿಕೊಳ್ಳಬೇಕು. ಆಮೇಲೆ ಸಮೀಪದ ಮಸೀದಿಯವರನ್ನು ವಿಚಾರಿಸಬೇಕು. ಬೇಸಿಗೆಯಲ್ಲಿ ಜಮಾಅತ್ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂಬುದೂ ಅಲ್ಲೇ ತಿಳಿಯುತ್ತದೆ.