‘ಕೊಲೆಸ್ಟೆರಾಲ್ ಇಲ್ಲ’ದ ಡಬ್ಬಿ

‘ಕೊಲೆಸ್ಟೆರಾಲ್ ಇಲ್ಲ’ ಎಂಬ ಅಕ್ಷರ ಕಂಡೊಡನೆ ತಳೇಗಾಂವ ದಾಭಾಡೆಯ ಕನ್ನಡಿಗರಾದ ನಾವು ಆ ಎಣ್ಣೆಯನ್ನು ನಿಶ್ಚಿಂತೆಯಿಂದ ಮನೆಗೆ ತರುತ್ತೇವೆ. ಅದೇನು ಹೆಚ್ಚುಗಾರಿಕೆ? ಸಸ್ಯದ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟೆರಾಲ್ ಎಂದೂ ಇರಲಿಲ್ಲ. ಬದನೆಕಾಯಿಗೆ ಎಲುಬಿಲ್ಲವೆಂದು ಡಂಗುರ ಹೊಡೆದಂತಾಯಿತು!

ರಕ್ತದ ಕೊಲೆಸ್ಟೆರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಆಹಾರದಲ್ಲಿ ಅದನ್ನು ಹೆಚ್ಚಾಗಿ ಏರಿಸುವುದು ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬು. ತಾಳೆಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ. ವನಸ್ಪತಿಯ ಟ್ರಾನ್ಸ್ ಕೊಬ್ಬಿಗೆ 2022ರಿಂದ ನೂರಕ್ಕೆ 2ರ ಮಿತಿಯಿದೆ. ಸ್ಯಾಚುರೇಟೆಡ್ ಕೊಬ್ಬು ಮಾತ್ರ ಉಳಿದೇ ಇದೆ.

ಸುಮಾರು 200 ಮಿಲಿಗ್ರಾಂ ಕೊಲೆಸ್ಟೆರಾಲಿಗೆ ಹೆದರಿ ತತ್ತಿಯ ಹಳದಿಯನ್ನು ಎಸೆಯುವ ನಾವೇ, ರಾಜ್ಯೋತ್ಸವದ ಪಂಕ್ತಿಯಲ್ಲಿ ವನಸ್ಪತಿಯ ಚಿರೋಟಿಯನ್ನು ಎರಡೆರಡು ಹಾಕಿಸಿಕೊಳ್ಳುತ್ತೇವೆ. ಇದು ಪಥ್ಯವೇ?

ಬರುವ ನವೆಂಬರಿನ ಊಟಕ್ಕೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಅಳತೆಯ ಶೇಂಗಾ ಎಣ್ಣೆ ಸಾಕು. ಕಾಳಿನ ನಾರು ಕೊಲೆಸ್ಟೆರಾಲ್ ತಗ್ಗಿಸಲು ನೆರವಾಗುತ್ತದೆ. ಹೃದ್ರೋಗಿಗಳೂ ಮಧುಮೇಹಿಗಳೂ ತತ್ತಿಯ ಬಗೆಗೆ ವೈದ್ಯರನ್ನೇ ಕೇಳಲಿ, ಔಷಧ ಬಿಡದಿರಲಿ.

‘ಸಂಘದ ಮರ್ಯಾದೆಗೆ ಕುಂದು’ ಎನ್ನುವವರಿಗೆ ನಮ್ಮದೊಂದೇ ಮಾತು: ಬಂಧುಬಳಗವನ್ನು ಊರಲ್ಲಿ ಬಿಟ್ಟು ಬಂದವರು ನಾವು. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಇಲ್ಲಿ ಮನೆಯೇ ಕುಸಿಯುತ್ತದೆ. ಚಿರೋಟಿಯ ಮರ್ಯಾದೆ ಅದಕ್ಕಿಂತ ದೊಡ್ಡದಲ್ಲ.